ಮೈ ಹೊಳೆನರಸೀಪುರದಲ್ಲಿ, ಬಿಲ್ಲೆ ಚನ್ನರಾಯಪಟ್ಟಣದಲ್ಲಿ

ನಾನು ಶ್ಯಾವಿಗೆ ಒರಳು. ಹಿಟ್ಟು ರುಬ್ಬುವ ಒರಳಲ್ಲ, ಒನಕೆಯಿಂದ ಕುಟ್ಟುವ ಒರಳೂ ಅಲ್ಲ. ಮೂರು ಕಬ್ಬಿಣದ ಕಾಲು, ನಡುವೆ ಹಿತ್ತಾಳೆಯ ಕೊಳವೆ, ಮೇಲೆ ತಿರುಪು, ತಿರುಪಿಗೆ ಎರಡು ಕೈಯಲ್ಲಿ ಹಿಡಿಯುವಷ್ಟು ಉದ್ದದ ಹಿಡಿ. ಇಷ್ಟೆಲ್ಲ ವಿವರಿಸಿ ಹೇಳಬೇಕಾದ ಕಾಲ ಬಂದಿದೆ ಎನ್ನುವುದೇ ನನ್ನ ಮೊದಲನೆಯ ಬೇಸರ. ಮೊನ್ನೆ ಮನೆಗೆ ಬಂದ ಹುಡುಗಿಯೊಬ್ಬಳು ನನ್ನನ್ನು ನೋಡಿ, ಇದು ಹಳೇ ಕಾಲದ ಬೋರ್‌ವೆಲ್ಲಾ ಎಂದು ಕೇಳಿದಳು. ಮನೆಯವರು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಹುಟ್ಟಿದ್ದು ನಾಗಮಂಗಲದಲ್ಲಿ, ಲಿಂಗಾಚಾರಿ ಎಂಬ ಕಂಚುಗಾರನ ಕುಲುಮೆಯಲ್ಲಿ. ನನ್ನ ಕಾಲುಗಳು ಮುರಿದ ಎತ್ತಿನಗಾಡಿಯ ಚಕ್ರದ ಪಟ್ಟಿಯಿಂದ ಆದವು. ಕೊಳವೆಯನ್ನೂ, ಕೊಳವೆಯ ತಳದಲ್ಲಿ ಕೂರುವ ಬಿಲ್ಲೆಯನ್ನೂ ಆಚಾರಿ ಒಂದೇ ಮೂಸೆಯ ಹಿತ್ತಾಳೆಯಲ್ಲಿ ಎರಕ ಹೊಯ್ದ. ಬಿಲ್ಲೆ ಎಂದರೆ ತೂತಿನ ತಟ್ಟೆ. ಉಂಡೆ ಅದರ ಮೂಲಕ ಇಳಿದರೇ ಶ್ಯಾವಿಗೆ. ಬಿಲ್ಲೆ ಇಲ್ಲದಿದ್ದರೆ ನಾನು ಬರೀ ಭಾರ. ಆಚಾರಿ ನೂರು ತೂತು ಕೊರೆಯಬೇಕಿತ್ತು. ತೊಂಬತ್ತೇಳು ಕೊರೆದಾಗ ಹೆಂಡತಿ ಊಟಕ್ಕೆ ಕರೆದಳು. ಉಂಡು ಮಲಗಿದವನು ಮೂರು ತೂತನ್ನು ಮರೆತೇಬಿಟ್ಟ. ಹೀಗೆ ನನ್ನ ಬಾಳು ಹುಟ್ಟಿನಿಂದಲೇ ಮೂರು ತೂತು ಕಡಿಮೆ.

ಹೊಳೆನರಸೀಪುರದ ಹೊಂಬಾಳಮ್ಮನ ಗಂಡ ನನ್ನನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ಅಂದಿನಿಂದ ನಾನು ಆ ಮನೆಯ ಅಟ್ಟದವನು. ವರ್ಷದಲ್ಲಿ ಮುನ್ನೂರ ಅರವತ್ತು ದಿನ ಗೋಣಿತಾಟು ಸುತ್ತಿಕೊಂಡು ಜೇಡನ ಜೊತೆ ಸಂಸಾರ. ಉಳಿದ ನಾಲ್ಕೈದು ದಿನದಲ್ಲಿ ಮುಖ್ಯವಾದವು ಮೇ ತಿಂಗಳ ಎರಡನೇ ಶನಿವಾರ ಮತ್ತು ಅದರ ಮರುದಿನದ ಭಾನುವಾರ. ಹೊಂಬಾಳಮ್ಮನ ದೊಡ್ಡ ಮಗ ನಂಜೇಗೌಡ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಬೇಸಿಗೆಯಲ್ಲಿ ಹೇಗೂ ರಜ. ಚಿಕ್ಕವನು ಕಾಳೇಗೌಡನಿಗೆ ಚನ್ನರಾಯಪಟ್ಟಣದಲ್ಲಿ ಕರೆಂಟಿನ ಆಫೀಸಿನ ಕೆಲಸ, ಎರಡನೇ ಶನಿವಾರ ಮಾತ್ರ ಸರ್ಕಾರಿ ರಜ. ಆ ಎರಡು ದಿನ ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ನೆಂಟರು, ಬೀದಿಯ ಸ್ನೇಹಿತರು ಎಲ್ಲ ಸೇರಿ ಅಂಗಳದಲ್ಲಿ ಶ್ಯಾವಿಗೆ ಒತ್ತುವುದು. ಮಧ್ಯಾಹ್ನಕ್ಕೆ ಕೋಳಿಸಾರು, ಸಂಜೆಗೆ ಕಾಯಿಹಾಲು, ರಸಪೂರಿ ಹಣ್ಣಿನ ಸೀಕರಣೆ. ಉಂಡವರೆಲ್ಲ ಸಾರನ್ನು ಹೊಗಳುತ್ತಿದ್ದರು, ಮಾವಿನಹಣ್ಣನ್ನು ಹೊಗಳುತ್ತಿದ್ದರು. ಒರಳು ಚೆನ್ನಾಗಿ ಒತ್ತಿತು ಎಂದು ಯಾರೊಬ್ಬರ ಬಾಯಲ್ಲೂ ಬಂದದ್ದಿಲ್ಲ.

ಒತ್ತುವುದು ಹುಡುಗಾಟವಲ್ಲ. ಅಕ್ಕಿಹಿಟ್ಟನ್ನು ಬಿಸಿನೀರಲ್ಲಿ ತೊಳಸಿ, ಉಂಡೆ ಕಟ್ಟಿ, ಕುದಿಯುವ ನೀರಲ್ಲಿ ಬೇಯಿಸಿ, ಹಬೆ ಆರುವ ಮೊದಲೇ ನನ್ನ ಕೊಳವೆಗೆ ಹಾಕಬೇಕು. ಆರಿದರೆ ಕಲ್ಲು. ಒಬ್ಬರು ಉಂಡೆ ಹಾಕಬೇಕು, ಒಬ್ಬರು ತಿರುಪು ತಿರುಗಿಸಬೇಕು, ಇಬ್ಬರು ನನ್ನ ಕಾಲು ಅದುಮಿ ಹಿಡಿಯಬೇಕು, ಒಬ್ಬರು ಕೆಳಗೆ ತಟ್ಟೆ ಹಿಡಿಯಬೇಕು. ತಿರುಗಿಸುವ ಕೆಲಸ ಯಾವಾಗಲೂ ಮೇಷ್ಟ್ರ ಸ್ನೇಹಿತ, ಎದುರು ಮನೆಯ ಟೈಲರ್ ಮುನೀರ್ ಸಾಬರದು. ಮೆಷಿನ್ ತುಳಿದು ಗಟ್ಟಿಯಾದದ್ದು ಅವರ ಕಾಲು, ಆದರೆ ಶಕ್ತಿ ತೋರಿಸುತ್ತಿದ್ದದ್ದು ನನ್ನ ಮೇಲೆ ಕೈಯಲ್ಲಿ. ಅಣ್ಣತಮ್ಮಂದಿರು ಒಂದೊಂದು ಕಾಲು ಹಿಡಿದರೆ ಎತ್ತು ಏರಿಗೆ, ಕೋಣ ನೀರಿಗೆ. ಅವರ ಎಳೆದಾಟದಲ್ಲಿ ನನ್ನ ಸೊಂಟ ಉಳುಕಿದ್ದು ಯಾರಿಗೂ ಗೊತ್ತಾಗಲಿಲ್ಲ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಸಹಿಸಲಾಗದ್ದು ನಡೆದದ್ದು ಗಂಡ ತೀರಿಕೊಂಡ ಮೇಲೆ ಹೊಂಬಾಳಮ್ಮ ಪಾತ್ರೆ ಪಾಲು ಮಾಡಲು ಕೂತ ದಿನ. ಕೊಳದಪ್ಪಲೆ ಇಬ್ಬರಿಗೂ ಒಂದೊಂದು ಆಯಿತು. ತಾಮ್ರದ ಹಂಡೆ ದೊಡ್ಡ ಸೊಸೆ ಚಂದ್ರಮ್ಮನಿಗೆ, ಹಿತ್ತಾಳೆ ಕಡಾಯಿ ಚಿಕ್ಕ ಸೊಸೆ ಇಂದ್ರಾಣಿಗೆ. ಕೊನೆಗೆ ನನ್ನ ಸರದಿ. ಮುದುಕಿ ನನ್ನ ಕೊಳವೆಗೆ ಕೈ ಹಾಕಿ ಬಿಲ್ಲೆ ತೆಗೆದು ಸೆರಗಿನಲ್ಲಿ ಒರೆಸಿದಳು.

"ಒರಳು ದೊಡ್ಡೋಳ್ಗೆ. ಬಿಲ್ಲೆ ಚಿಕ್ಕೋಳ್ಗೆ."

ನಂಜೇಗೌಡ ಬೆಪ್ಪಾಗಿ ನೋಡಿದ. ಹಿಂಗೆ ಮಾಡಿದರೆ ಇಬ್ಬರಿಗೂ ಉಪಯೋಗವಿಲ್ಲವಲ್ಲವ್ವ ಎಂದ. ಮುದುಕಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, ಒತ್ತುವಾಗ ಕೂಡಿಸಿಕೊಳ್ಳಿ ಎಂದಷ್ಟೇ ಹೇಳಿದಳು. ಮುಪ್ಪಿಗೆ ಬುದ್ಧಿ ಕೆಟ್ಟಿದೆ ಎಂದುಕೊಂಡೆ. ಆ ವರ್ಷದಿಂದ ನನ್ನ ಮೈ ಹೊಳೆನರಸೀಪುರದಲ್ಲಿ, ಬಿಲ್ಲೆ ಚನ್ನರಾಯಪಟ್ಟಣದಲ್ಲಿ. ಇನ್ನೆರಡು ಬೇಸಿಗೆ ಕಳೆಯುವಷ್ಟರಲ್ಲಿ ಹೊಂಬಾಳಮ್ಮ ಹೋದಳು. ಅವಳನ್ನು ನಾನು ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದುಕೊಂಡಿಲ್ಲ.

ಇಂದ್ರಾಣಿ ಒಳ್ಳೆಯವಳೇ. ಬಿಲ್ಲೆಯನ್ನು ದೇವರ ಗೂಡಿನಲ್ಲಿ ಇಟ್ಟುಕೊಂಡಿದ್ದಳು. ಎರಡನೇ ಶನಿವಾರ ಬೆಳಿಗ್ಗೆ ಅದಕ್ಕೆ ಕುಂಕುಮ ಇಟ್ಟು, ಹಳದಿ ಬಟ್ಟೆಯಲ್ಲಿ ಸುತ್ತಿ, ಬಸ್ಸು ಹತ್ತುತ್ತಿದ್ದಳು. ಆದರೆ ಒಂದು ವರ್ಷವೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ಒಲೆಯ ಮೇಲೆ ನೀರು ಮರಳುತ್ತಿದ್ದರೆ ಬೀದಿಯ ತುದಿಯಲ್ಲಿ ಅವಳ ಸುಳಿವಿಲ್ಲ. ಚಂದ್ರಮ್ಮ ಬಾಗಿಲಿಗೂ ಒಲೆಗೂ ಓಡಾಡುತ್ತ ಗೊಣಗುತ್ತಿದ್ದಳು. ಅವಳ ಜೊತೆ ನಾನೂ ಗೊಣಗುತ್ತಿದ್ದೆ.

ಚಂದ್ರಮ್ಮನ ಮಗಳು ಲಾವಣ್ಯಳ ಮದುವೆಯಾದ ವರ್ಷ ಕಿಕ್ಕೇರಿಯ ಬೀಗರು ಮೊದಲ ಸಲ ಮನೆಗೆ ಬಂದರು. ಒತ್ತುಶ್ಯಾವಿಗೆ ಊಟಕ್ಕೆಂದೇ ಕರೆದಿದ್ದು. ಹನ್ನೆರಡಾಯಿತು, ಒಂದಾಯಿತು, ಇಂದ್ರಾಣಿ ಇಲ್ಲ. ಬೆಂದ ಉಂಡೆಗಳು ಆರಿ ಕಲ್ಲಾದವು. ಬೀಗರಿಗೆ ಅನ್ನ ಮಾಡಿ ಬಡಿಸಿದರು. ಎರಡೂವರೆಗೆ ಇಂದ್ರಾಣಿ ಬೆವರಿಳಿಸಿಕೊಂಡು ಬಂದಳು. ನಡೆದದ್ದು ಇಷ್ಟೇ. ಕುಂಕುಮ ಇಟ್ಟ ಬಿಲ್ಲೆಯನ್ನು ದೇವರ ಗೂಡಿನಲ್ಲೇ ಮರೆತು ಬಸ್ಸು ಹತ್ತಿದ್ದಳು, ಅರ್ಧ ದಾರಿಯಲ್ಲಿ ನೆನಪಾಗಿ ಇಳಿದು ವಾಪಸ್ಸು ಹೋಗಿದ್ದಳು. ಅದನ್ನು ಹೇಳಲು ಅವಳಿಗೆ ಅವಕಾಶವೇ ಸಿಗಲಿಲ್ಲ. ಅವಳು ಚಪ್ಪಲಿ ಬಿಡುತ್ತಿದ್ದಾಗಲೇ ಚಂದ್ರಮ್ಮ ಬೀಗರ ಎದುರು ಅಂದುಬಿಟ್ಟಳು.

"ಬಿಲ್ಲೆ ಕೈಲಿಟ್ಕೊಂಡು ಆಟ ಆಡಿಸ್ತಾಳೆ. ನಮ್ಮತ್ತೆ ನನ್ನ ಜುಟ್ಟು ಇವಳ ಕೈಗೆ ಕೊಟ್ಟು ಹೋದ್ರು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಂದ್ರಾಣಿ ಬೀಗರಿಗೆ ನೀರು ಕೊಟ್ಟಳು, ಎಲೆ ಎತ್ತಿದಳು, ಸಂಜೆಯ ಬಸ್ಸಿಗೆ ಹೊರಟಳು. ಹಳದಿ ಬಟ್ಟೆಯ ಗಂಟನ್ನು ಬಿಚ್ಚದೆ ಹಾಗೆಯೇ ವಾಪಸ್ಸು ಒಯ್ದಳು. ನಾನು ಆ ದಿನ ಪೂರ್ತಿ ಚಂದ್ರಮ್ಮನ ಕಡೆ.

ಇನ್ನು ಯಾರ ಹಂಗೂ ಬೇಡ ಎಂದು ಚಂದ್ರಮ್ಮ ಮುಂದಿನ ತಿಂಗಳೇ ಹಾಸನದ ಲೇತ್ ಅಂಗಡಿಯಲ್ಲಿ ಹೊಸ ಬಿಲ್ಲೆ ಮಾಡಿಸಿದಳು. ಥಳಥಳ ಹೊಳೆಯುವ ಬಿಲ್ಲೆ, ಸಾಲುಸಾಲಾಗಿ ನೂರು ತೂತು. ಎಷ್ಟು ವರ್ಷದಿಂದ ನಾನು ಬೇಡಿಕೊಂಡದ್ದು ಅದೇ. ಈ ಬೇಸಿಗೆ ನೋಡಿ, ಹನ್ನೊಂದಕ್ಕೆಲ್ಲ ಶ್ಯಾವಿಗೆ ಮುಗಿಸಿ ಕೈ ತೊಳೆಯುತ್ತೇವೆ ಎಂದು ಅಟ್ಟದ ಮೇಲೆ ಒಬ್ಬನೇ ಬೀಗಿದೆ.

ಮೇ ಬಂತು. ಚನ್ನರಾಯಪಟ್ಟಣಕ್ಕೆ ಯಾರೂ ಫೋನ್ ಮಾಡಲಿಲ್ಲ. ಬಿಲ್ಲೆ ಮನೆಯಲ್ಲೇ ಇದ್ದಮೇಲೆ ಕರೆಯುವ ಅಗತ್ಯವೇನು? ಕರೆಯದೆ ಅವರೂ ಬರಲಿಲ್ಲ. ಚಿಕ್ಕಮ್ಮ ಇಲ್ಲದ ಮನೆಗೆ ಯಾಕೆ ಎಂದು ಲಾವಣ್ಯಳೂ ಕಿಕ್ಕೇರಿಯಲ್ಲೇ ಉಳಿದಳು. ನಾನು ಅಂಗಳಕ್ಕೆ ಇಳಿದಾಗ ಇದ್ದವರು ಚಂದ್ರಮ್ಮ, ಮೇಷ್ಟ್ರು, ಮುನೀರ್ ಸಾಬರು, ಮೂರೇ ಜನ. ಉಂಡೆ ಹಾಕಿದವಳೂ ಚಂದ್ರಮ್ಮ, ತಟ್ಟೆ ಹಿಡಿದವಳೂ ಚಂದ್ರಮ್ಮ. ಮೇಷ್ಟ್ರು ಒಂದು ಕಾಲು ಹಿಡಿದರು. ಇನ್ನೊಂದು ಕಾಲನ್ನು ಹಿಡಿಯುವವರಿಲ್ಲ. ಸಾಬರು ತಿರುಪು ತಿರುಗಿಸಿದಂತೆಲ್ಲ ನಾನೂ ತಿರುಗಿದೆ. ಅಂಗಳವೆಲ್ಲ ಸುತ್ತಿ, ತುಳಸಿಕಟ್ಟೆಗೆ ಬಡಿದು, ಮಗುಚಿಕೊಂಡೆ. ಒಂದು ಕಾಲು ಮುರಿಯಿತು. ತಟ್ಟೆಯಲ್ಲಿದ್ದ ಶ್ಯಾವಿಗೆ ಮಣ್ಣುಪಾಲಾಯಿತು.

ಮುನೀರ್ ಸಾಬರು ಕೈ ಒರೆಸಿಕೊಳ್ಳುತ್ತ ಅಂದರು. "ಬಿಲ್ಲೆ ಬಂತಮ್ಮ, ಕಾಲು ಹಿಡಿಯೋರು ಹೋದ್ರು."

ಚಂದ್ರಮ್ಮ ಮಣ್ಣಾದ ಶ್ಯಾವಿಗೆಯನ್ನು ಗೋರಿ ದನದ ಬಾನಿಗೆ ಹಾಕಿದಳು. ನನಗೆ ಅವಳ ಮೇಲೂ ಸಿಟ್ಟು ಬಂತು, ಸಾಬರ ಮೇಲೂ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆಯೇ ಬಂತು. ಬೇಡಿದ್ದು ಸಿಕ್ಕಿತ್ತು. ಸಿಕ್ಕಿದ್ದೇ ತಪ್ಪಾಗಿತ್ತು.

ಕಾಲಿಗೆ ಬೆಸುಗೆ ಹಾಕಿಸಿದರು. ಅದಾದ ಮೇಲೂ ನಾಲ್ಕನೆಯ ಬೇಸಿಗೆಯವರೆಗೆ ಇದೇ ಪಾಡು. ಪ್ರತಿ ವರ್ಷ ಶುಕ್ರವಾರ ಚಂದ್ರಮ್ಮ ನನ್ನನ್ನು ಇಳಿಸಿ ತೊಳೆಯುವಳು, ಎರಡು ಉಂಡೆ ಒತ್ತಿದ ಶಾಸ್ತ್ರ ಮಾಡುವಳು, ಭಾನುವಾರ ಮತ್ತೆ ಅಟ್ಟ. ಹದಿನೈದು ಜನ ಉಣ್ಣುತ್ತಿದ್ದ ಅಂಗಳದಲ್ಲಿ ಗಂಡ ಹೆಂಡತಿ ಎದುರುಬದುರು ಕೂತು ಅರ್ಧ ತಟ್ಟೆ ಉಣ್ಣುವರು. ಒಮ್ಮೆ ಚಂದ್ರಮ್ಮ ಫೋನು ಕೈಗೆತ್ತಿಕೊಂಡು ಚನ್ನರಾಯಪಟ್ಟಣದ ನಂಬರಿನ ಅರ್ಧ ಒತ್ತಿ ಕೆಳಗಿಟ್ಟದ್ದನ್ನು ನಾನೇ ನೋಡಿದೆ. ತಾನೇ ಆಡಿದ ಮಾತನ್ನು ನುಂಗುವುದು ಅವಳಿಗಾಗಲಿಲ್ಲ. ಓರಗಿತ್ತಿ ಇಲ್ಲದ ಬೇಸಿಗೆಯೂ ಅವಳಿಗೆ ರುಚಿಸಲಿಲ್ಲ. ಮಾತನಾಡಲು ಬಾರದ ನನಗೆ ಇದನ್ನೆಲ್ಲ ತೋರಿಸುವುದೇಕೆ ಎಂದು ದೇವರ ಮೇಲೂ ರೇಗಿದೆ.

ಐದನೆಯ ವರ್ಷ, ಅದೇ ಎರಡನೇ ಶನಿವಾರ. ಹೊಸ ಬಿಲ್ಲೆ ಕೊಳವೆಯೊಳಗೆ ಕೂತಿತ್ತು. ಒಲೆಯ ಮೇಲೆ ನೀರು ಮರಳುತ್ತಿತ್ತು. ಮೇಷ್ಟ್ರು ಬೆಳಗಿನಿಂದ ಮೂರು ಸಲ ಗೇಟಿನವರೆಗೆ ಹೋಗಿ ಬಂದಿದ್ದರು. ಬೀದಿಯ ತುದಿಯಲ್ಲಿ ಆಟೋ ಸದ್ದಾದಾಗ ಹೆಂಡತಿಯ ಹತ್ತಿರ ಬಂದು, ಸ್ಕೂಲಿನಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತರು.

"ಕಾಳನಿಗೆ ಫೋನ್ ಮಾಡಿದ್ದೆ ಕಣೆ. ಬಿಲ್ಲೆ ಇಲ್ದೆ ನಾಲ್ಕೊರ್ಷದಿಂದ ಒರಳು ಇಳ್ಸೇ ಇಲ್ಲ ಅಂದ್ಬಿಟ್ಟೆ. ಬತ್ತಾವ್ರೆ."

ಚಂದ್ರಮ್ಮ ಗಂಡನನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹತ್ತಿಕೊಳ್ಳಬೇಕಿತ್ತು. ಆದರೆ ಬೈಯಲಿಲ್ಲ. ಕೊಳವೆಗೆ ಕೈ ಹಾಕಿ ಹೊಸ ಬಿಲ್ಲೆ ಕಿತ್ತುಕೊಂಡು ಅಡುಗೆಮನೆಗೆ ಓಡಿದಳು. ಬಾಗಿಲು ನನಗೆ ನೇರ. ಗೂಡಿನ ಕೆಳಗಿದ್ದ ಹುಣಸೆಹಣ್ಣಿನ ಮಡಕೆಯೊಳಗೆ ಅದನ್ನು ತುರುಕಿ, ಮೇಲೆ ಹಣ್ಣು ಎಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು.

ಇಂದ್ರಾಣಿ ಒಳಗೆ ಬಂದಳು. ಹಿಂದೆ ಕಾಳೇಗೌಡ, ಅವರ ಇಬ್ಬರು ಮಕ್ಕಳು, ಒಂದು ಬುಟ್ಟಿ ರಸಪೂರಿ ಹಣ್ಣು. ಹಳದಿ ಬಟ್ಟೆಯ ಗಂಟು ಅವಳ ಕಂಕುಳಲ್ಲಿತ್ತು. ಓರಗಿತ್ತಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀರು ಮರಳುತ್ತಿದೆ ಎಂದಳು ಚಂದ್ರಮ್ಮ, ನನ್ನ ಕಡೆ ನೋಡಿಕೊಂಡು. ಇಂದ್ರಾಣಿ ಗಂಟು ಬಿಚ್ಚಿ, ಕುಂಕುಮ ಹಚ್ಚಿದ ಹಳೆಯ ಬಿಲ್ಲೆಯನ್ನು ನನ್ನೊಳಗಿಟ್ಟಳು. ಇಷ್ಟು ವರ್ಷದ ಮೇಲೆ ಅದು ಬಂದು ಕೂತಾಗ ನಾನು ಅಳುತ್ತಿದ್ದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಹಬೆ.

ಬೆಂದ ಉಂಡೆ ಯಾರ ಮುನಿಸನ್ನೂ ಕಾಯುವುದಿಲ್ಲ. ಹತ್ತು ನಿಮಿಷದಲ್ಲಿ ತಟ್ಟೆ ಹಿಡಿ, ಉಂಡೆ ಕೊಡಿ, ಕಾಲು ಬಿಡಬೇಡಿ ಎಂದು ಎಲ್ಲರೂ ಎಲ್ಲರನ್ನೂ ಗದರಿಸುತ್ತಿದ್ದರು. ಸಾಬರು ಹೊಸ ಹುರುಪಿನಲ್ಲಿ ತಿರುಗಿಸಿ ನನ್ನ ಬೆಸುಗೆಯನ್ನು ನೋಯಿಸಿದರು. ಅಣ್ಣತಮ್ಮಂದಿರು ಎಂದಿನಂತೆ ಆಚೆಗೊಬ್ಬ ಈಚೆಗೊಬ್ಬ ಎಳೆದರು. ಹಿಟ್ಟಿಗೆ ಉಪ್ಪು ಕಡಿಮೆ ಎಂದು ಇಂದ್ರಾಣಿ ಅಂದಳು, ಸರಿಯಾಗಿಯೇ ಇದೆ ಎಂದು ಚಂದ್ರಮ್ಮ ಅಂದಳು. ಉಂಡವರು ಮಾವಿನಹಣ್ಣನ್ನು ಹೊಗಳಿದರು.

ಊಟವಾದ ಮೇಲೆ ನನ್ನನ್ನು ತೊಳೆಯುವ ಕೆಲಸ. ಹಿತ್ತಾಳೆ ತೊಳೆಯಲು ಹುಣಸೆಹಣ್ಣು ಬೇಕು. ಚಂದ್ರಮ್ಮ ನನ್ನ ಕೊಳವೆ ಉಜ್ಜುತ್ತ ಮೈಮರೆತಿದ್ದಳು. ತಲೆ ಎತ್ತಿ ನೋಡುವಷ್ಟರಲ್ಲಿ ಇಂದ್ರಾಣಿ ಅಡುಗೆಮನೆಯಲ್ಲಿ ಮಡಕೆಗೆ ಕೈ ಹಾಕಿಯಾಗಿತ್ತು. ಚಂದ್ರಮ್ಮನ ಕೈಯ ನಾರು ಅಲ್ಲೇ ನಿಂತಿತು.

ಇಂದ್ರಾಣಿ ಬಿಲ್ಲೆಯನ್ನು ಹೊರತೆಗೆದಳು. ಕಿಟಕಿಯ ಬಿಸಿಲಿಗೆ ಹಿಡಿದಳು. ನೂರು ತೂತಿನ ಬೆಳಕು ಅವಳ ಮುಖದ ಮೇಲೆ ಬಿತ್ತು. ಆಮೇಲೆ ಅದನ್ನು ಮಡಕೆಯ ತಳಕ್ಕಿಳಿಸಿ, ಮೇಲೆ ಹುಣಸೆಹಣ್ಣು ಮುಚ್ಚಿ, ಅಂಗೈಯಲ್ಲಿ ಒತ್ತಿ, ಒಂದು ಹಿಡಿ ಹಣ್ಣು ತೆಗೆದುಕೊಂಡು ಹೊರಬಂದಳು. ಚಂದ್ರಮ್ಮನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತನ್ನ ಬಿಲ್ಲೆ ಉಜ್ಜತೊಡಗಿದಳು.

"ಅಕ್ಕ, ಮುಂದಿನೊರ್ಷನೂ ಬಿಲ್ಲೆ ನಾನೇ ತತ್ತೀನಿ. ನೀವು ಬ್ಯಾರೆ ಮಾಡ್ಸಕ್ಕೆ ಹೋಗ್ಬ್ಯಾಡಿ."

ಚಂದ್ರಮ್ಮ ತುಂಬ ಹೊತ್ತು ನನ್ನ ಒಂದೇ ಜಾಗವನ್ನು ಉಜ್ಜಿದಳು.

"ಹೊತ್ಗೆ ಸರ್ಯಾಗಿ ತಗೊಂಡು ಬಾ," ಎಂದಳು.

ಇದೆಲ್ಲ ಆಗಿ ಹನ್ನೊಂದು ವರ್ಷವಾಯಿತು. ಈಗ ನನ್ನ ತಿರುಪು ಸವೆದಿದೆ, ಬೆಸುಗೆಯ ಕಾಲು ಕುಂಟುತ್ತದೆ. ಅಟ್ಟ ಹತ್ತಿಸುವ ಶಕ್ತಿ ಯಾರಿಗೂ ಇಲ್ಲದೆ ಅಂಗಳದ ಮೂಲೆಯಲ್ಲೇ ಬಿಟ್ಟಿದ್ದಾರೆ. ಗುಜರಿಯವನು ಎರಡು ಸಲ ಬಂದು ನನ್ನನ್ನು ಎತ್ತಿ ನೋಡಿ ಹೋದ. ಹೊಂಬಾಳಮ್ಮನಿಗೆ ಬುದ್ಧಿ ಕೆಟ್ಟಿತ್ತು ಎಂದು ಹಿಂದೆ ಅಂದಿದ್ದೆನಲ್ಲ, ಆ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ. ಮುದುಕಿಯ ಎದುರು ತೆಗೆದುಕೊಳ್ಳಲಾಗಲಿಲ್ಲ ಎನ್ನುವ ಸಂಕಟ ಮಾತ್ರ ಉಳಿದಿದೆ.

ಇವತ್ತು ಎರಡನೇ ಶನಿವಾರ. ಗಂಟೆ ಹನ್ನೆರಡೂ ಕಾಲು. ಲಾವಣ್ಯಳ ಮಕ್ಕಳು ನನ್ನ ಹಿಡಿಗೆ ಜೋತುಬಿದ್ದು ಆಡುತ್ತಿದ್ದಾರೆ. ನೀರು ಮರಳುತ್ತಿದೆ, ಮೊದಲ ಉಂಡೆಗಳು ತೇಲಿ ಮೇಲೆ ಬಂದಿವೆ, ಚನ್ನರಾಯಪಟ್ಟಣದವರ ಸುಳಿವಿಲ್ಲ. ಚಂದ್ರಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಾಗಿಲಿಗೂ ಒಲೆಗೂ ನಡೆಯುತ್ತ ಗೊಣಗುತ್ತಿದ್ದಾಳೆ. ನೂರು ತೂತಿನ ಬಿಲ್ಲೆ ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ, ಆ ಮಡಕೆಯಲ್ಲೇ ಇದೆ. ಪ್ರತಿ ವರ್ಷ ಹೊಸ ಹುಣಸೆಹಣ್ಣು ತುಂಬುವಾಗ ಅದನ್ನು ತೆಗೆದು, ತೊಳೆದು, ಮತ್ತೆ ತಳಕ್ಕೇ ಇಡುತ್ತಾಳೆ. ಉಂಡೆ ಆರಿ ಕಲ್ಲಾದರೂ ಸರಿ, ಅದಕ್ಕೆ ಕೈ ಹಾಕುವುದಿಲ್ಲ. ನಾನೂ ಬೈದುಕೊಳ್ಳುತ್ತ ಬೀದಿಯ ತುದಿಯನ್ನೇ ನೋಡುತ್ತಿದ್ದೇನೆ.