ಅಕ್ಕ ಆಫ್‌ಲೈನ್

ನಮ್ಮಕ್ಕ ಕೆಲಸ ಮಾಡುವ ಕಚೇರಿಯಲ್ಲಿ ಪ್ರಿಂಟರಿನ ಹೆಸರೂ ಅಕ್ಕ. ಹೆಸರಿಟ್ಟವನು ನಾನೇ; ಕಂಪ್ಯೂಟರ್ ಜೋಡಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಆರು ವರ್ಷದ ಹಿಂದೆ ಅಲ್ಲಿಗೆ ಒಂದೇ ಒಂದು ಪ್ರಿಂಟರ್ ಬಂದಾಗ ಅದನ್ನು ಅಕ್ಕನ ಕಂಪ್ಯೂಟರಿಗೆ ಜೋಡಿಸಿ, ಉಳಿದ ಹದಿನೆಂಟು ಕಂಪ್ಯೂಟರುಗಳೂ ಅದರ ಮೂಲಕವೇ ಪ್ರಿಂಟ್ ತೆಗೆಯುವಂತೆ ಮಾಡಿದ್ದೆ. ಪ್ರಿಂಟರಿಗೆ ಒಂದು ಹೆಸರು ಕೊಡಿ ಎಂದು ಪರದೆ ಕೇಳಿತು. ಅಕ್ಕ ಬೆನ್ನ ಹಿಂದೆಯೇ ನಿಂತು "ಬೇಗ ಮುಗಿಸೋ, ಜನ ಕಾಯ್ತಿದಾರೆ" ಎಂದು ಪ್ರಾಣ ತಿನ್ನುತ್ತಿದ್ದಳು. ರೇಗಿಸೋಣ ಎಂದು 'ಅಕ್ಕ' ಎಂದು ಟೈಪ್ ಮಾಡಿದೆ. ಅದೇ ಉಳಿದುಹೋಯಿತು.

ಅದು ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕಚೇರಿ. ಅಕ್ಕ ಅಲ್ಲಿ ಟೈಪಿಸ್ಟ್. ದಿನವಿಡೀ ಹಾಳೆ ಹೊರಬರುತ್ತಲೇ ಇರಬೇಕು. "ಅಕ್ಕನಿಗೆ ಕಳ್ಸಿದೀನಿ, ನೋಡಿ" ಎನ್ನುವುದು ಅಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ಹಾಳೆ ಸಿಕ್ಕಿಕೊಂಡರೆ ಅಕ್ಕ ಮುನಿಸಿಕೊಂಡಳು, ಇಂಕು ಮುಗಿದರೆ ಅಕ್ಕ ಬಿಳಿಚಿಕೊಂಡಳು. ಈ ತಮಾಷೆಗೆ ನಗದೆ ಇದ್ದವಳು ನಮ್ಮಕ್ಕ ಒಬ್ಬಳೇ. ಆದರೆ ಒಳಗೊಳಗೇ ಅವಳಿಗೆ ಹೆಮ್ಮೆ, ಅದು ನನಗೆ ಗೊತ್ತಿತ್ತು.

ಆ ವ್ಯವಸ್ಥೆಯಲ್ಲಿ ಒಂದು ತೊಡಕಿತ್ತು. ಅಕ್ಕನ ಕಂಪ್ಯೂಟರ್ ಆನ್ ಆಗದಿದ್ದರೆ ಯಾರಿಗೂ ಪ್ರಿಂಟ್ ಬಾರದು. ಹದಿನೆಂಟು ಪರದೆಗಳ ಮೇಲೂ 'ಅಕ್ಕ ಆಫ್‌ಲೈನ್' ಎಂದು ಕಾಣುತ್ತದೆ.

ಏಳು ತಿಂಗಳ ಹಿಂದೆ ಅಕ್ಕನ ಬಲಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಮಾತು ತೊದಲಾದರೂ ಉಳಿಯಿತು. "ಕಾಲು ಬರಬಹುದು, ಕೈ ವಿಷಯ ಹೇಳೋಕಾಗಲ್ಲ" ಎಂದರು ಡಾಕ್ಟರು. ಬಲಗೈ ಇಲ್ಲದ ಟೈಪಿಸ್ಟ್ ಎಂದರೇನು ಎಂದು ನಾನೂ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಅಂದಿನಿಂದ ನನಗೆ ಯಾವುದೂ ಸರಿಯಾಗಿ ತಟ್ಟುವುದಿಲ್ಲ. ಉಣ್ಣುವ ಅನ್ನ ಬಿಸಿಯೋ ತಣ್ಣಗಿದೆಯೋ ತಿಳಿಯುವುದಿಲ್ಲ. ಒಂದು ಸಲ ಅತ್ತರೆ ಸರಿಹೋದೀತೆಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದೂ ಆಯಿತು. ಅಳು ಬರಲಿಲ್ಲ, ನಲ್ಲಿ ತೊಟ್ಟಿಕ್ಕುತ್ತಿತ್ತು, ಅದನ್ನು ರಿಪೇರಿ ಮಾಡಿ ಬಂದೆ.

ಅಕ್ಕ ಮಾತ್ರ ದಿನವೂ ಬೆಳಿಗ್ಗೆ ಒಂಬತ್ತೂವರೆಗೆ ಎಡಗೈಯಲ್ಲಿ ಫೋನು ಒತ್ತಿ ಕಚೇರಿಯ ಅಟೆಂಡರಿಗೆ ಕರೆ ಮಾಡುತ್ತಿದ್ದಳು. "ನನ್ನ ಸಿಸ್ಟಮ್ ಆನ್ ಮಾಡಿದ್ರಾ?" ಅವರು "ಮಾಡ್ದೆ ಅಮ್ಮ" ಎಂದ ಮೇಲೆಯೇ ತಿಂಡಿ, ಆಮೇಲೆ ರಬ್ಬರ್ ಚೆಂಡನ್ನು ಬಲಗೈಗೆ ತುರುಕಿಕೊಂಡು ಹಿಸುಕುವ ವ್ಯಾಯಾಮ. "ಅವ್ರಿಗೆ ನನ್ನ ಬಿಟ್ರೆ ಗತಿಯಿಲ್ಲ ಕಣೋ. ಸಿಸ್ಟಮ್ ಅಲ್ಲಿರೋ ತನಕ ಕುರ್ಚಿ ನಂದೇ" ಎನ್ನುತ್ತಿದ್ದಳು. ಅವಳು ಹಾಸಿಗೆಯಿಂದ ಏಳುತ್ತಿದ್ದುದೇ ಆ ಒಂದು ಮಾತನ್ನು ನಂಬಿಕೊಂಡು.

ಕಳೆದ ವಾರ ಅಲ್ಲಿನ ಮ್ಯಾನೇಜರು ನನ್ನನ್ನು ಕರೆಸಿಕೊಂಡರು. ಅವರು ಹೇಳಿದ್ದಿಷ್ಟು. ಹೊಸ ಪ್ರಿಂಟರ್ ಬಂದಿದೆ, ನೇರವಾಗಿ ನೆಟ್‌ವರ್ಕಿಗೇ ಜೋಡಿಸುವಂಥದ್ದು. ಅಕ್ಕನ ಜಾಗಕ್ಕೆ ಸೋಮವಾರ ಹೊಸ ಟೈಪಿಸ್ಟ್ ಬರುತ್ತಾರೆ, ಹೊಸ ಕಂಪ್ಯೂಟರಿನೊಂದಿಗೆ.

"ನಿಮಗೆ ಕಷ್ಟ ಆಗೋದಾದ್ರೆ ಬೇರೆ ಯಾರನ್ನಾದ್ರೂ ಕರೀತೀನಿ" ಎಂದರು.

"ಬೇಡ, ನಾನೇ ಮಾಡ್ತೀನಿ" ಎಂದೆ. ಬೇರೆಯವರು ಬಂದರೆ ಅರ್ಧ ಕೆಲಸ ಮಾಡಿ ಹೋಗುತ್ತಾರೆ.

ಶನಿವಾರ ಹೋದೆ. ಕಪಾಟಿನ ಪಕ್ಕದ ಗೋಡೆಯಿಂದ ಕೇಬಲ್ ಎಳೆದು ಹೊಸ ಪ್ರಿಂಟರಿಗೆ ಸಿಕ್ಕಿಸಿದೆ, ಅದಕ್ಕೆ ನೆಟ್‌ವರ್ಕಿನ ವಿಳಾಸ ಕೊಟ್ಟೆ. ಇದಕ್ಕೆ ಯಾವ ಕಂಪ್ಯೂಟರಿನ ಹಂಗೂ ಇಲ್ಲ. ಯಾರು ಬಂದರೂ ಯಾರು ಬಾರದಿದ್ದರೂ ಹಾಳೆ ಉಗುಳುತ್ತದೆ. ಹೆಸರೇನಿಡಲಿ ಎಂದು ಕೇಳಿದೆ. "ಎರಡನೇ ಮಹಡಿ ಅಂತ ಹಾಕಿ ಸಾಕು" ಎಂದರು ಮ್ಯಾನೇಜರು.

ಆಮೇಲೆ ಒಂದೊಂದೇ ಕಂಪ್ಯೂಟರಿನ ಮುಂದೆ ಕೂತೆ. ಹೊಸದನ್ನು ಸೇರಿಸುವುದು, ಪರೀಕ್ಷೆಗೆ ಒಂದು ಹಾಳೆ ತೆಗೆಯುವುದು, ಹಳೆಯದನ್ನು ಅಳಿಸುವುದು. ಅಳಿಸುವಾಗ ಪರದೆ ಪ್ರತಿ ಸಲವೂ ಕೇಳುತ್ತದೆ: 'ಅಕ್ಕ. ತೆಗೆದುಹಾಕಲು ನೀವು ಖಚಿತವೇ?' ಪರದೆಯ ಭಾಷೆ ಯಾರ ಮನೆಯಲ್ಲೂ ಆಡುವ ಭಾಷೆಯಲ್ಲ. ಹೌದು ಎಂದು ಒತ್ತಿದೆ. ಮುಂದಿನ ಮೇಜು. ಹೌದು. ಅದರ ಮುಂದಿನದು. ಹೌದು. ಎದೆ ಹಿಂಡೀತು ಎಂದು ಕಾದೆ. ಏನೂ ಆಗಲಿಲ್ಲ. ಏಳನೆಯ ಕಂಪ್ಯೂಟರಿನ ಹೊತ್ತಿಗೆ ಓದುವುದನ್ನೂ ಬಿಟ್ಟೆ, ಬೆರಳು ತಾನೇ ಒತ್ತಿಕೊಂಡು ಹೋಯಿತು. ನನ್ನ ಮೇಲೆ ನನಗೇ ಅಸಹ್ಯವಾಗಬೇಕಿತ್ತು, ಅದೂ ಆಗಲಿಲ್ಲ.

ಹದಿನೆಂಟನೆಯದು ರವಾನೆ ವಿಭಾಗದ ಗುಮಾಸ್ತರದು. ಅವರು ರಜೆಯಲ್ಲಿದ್ದರು, ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಒಂದು ಫೋನು ಮಾಡಿದ್ದರೆ ಹೇಳುತ್ತಿದ್ದರು. ಮಾಡಲಿಲ್ಲ.

ಕೊನೆಗೆ ಅಕ್ಕನ ಮೇಜು. ಕಂಪ್ಯೂಟರ್ ಆಫ್ ಮಾಡಿ, ವೈರು ಸುತ್ತಿ, ಅಟೆಂಡರಿಗೆ ಕೊಟ್ಟೆ. ಅವರು ಅದನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು, "ಸೋಮವಾರ ಅಮ್ಮ ಫೋನ್ ಮಾಡ್ತಾರೆ. ಏನು ಹೇಳ್ಲಿ?" ಎಂದರು.

"ನಾನೇ ಹೇಳ್ತೀನಿ ಬಿಡಿ" ಎಂದೆ.

ಹೇಳಲಿಲ್ಲ. ಶನಿವಾರ ಸಂಜೆಯೂ ಹೇಳಲಿಲ್ಲ, ಭಾನುವಾರವೂ ಹೇಳಲಿಲ್ಲ.

ಸೋಮವಾರ ಒಂಬತ್ತೂಕಾಲಿಗೆ, ಅಕ್ಕ ಕರೆ ಮಾಡುವ ಮೊದಲೇ ಅವಳ ಫೋನು ಹೊಡೆದುಕೊಂಡಿತು. ರವಾನೆ ಗುಮಾಸ್ತರು. ಒಂದೇ ಕೈಯಲ್ಲಿ ಹಿಡಿಯಲಾಗದೆ ಅಕ್ಕ ಯಾವಾಗಲೂ ಸ್ಪೀಕರ್ ಹಾಕಿ ಫೋನನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ.

"ಅಮ್ಮ, ನಾನು ರಜೆ ಮುಗಿಸಿ ಈಗ ತಾನೇ ಬಂದೆ. ಬೇರೆ ಯಾರೂ ಬಂದಿಲ್ಲ. ಪ್ರಿಂಟೇ ಬರ್ತಿಲ್ಲ. ಅಕ್ಕ ಆಫ್‌ಲೈನ್ ಅಂತ ತೋರಿಸ್ತಿದೆ."

ಅಕ್ಕನ ಮುಖ ಅರಳಿದ್ದನ್ನು ನಾನು ಏಳು ತಿಂಗಳಲ್ಲಿ ನೋಡಿರಲಿಲ್ಲ. "ಹತ್ತು ನಿಮಿಷ ತಡೀರಿ, ಬಂದೆ" ಎಂದಳು. ಫೋನು ಇಟ್ಟು ನನ್ನ ಕಡೆ ತಿರುಗಿ, "ನೋಡ್ದ್ಯಾ? ನಾನಿಲ್ದೆ ಒಂದು ಹಾಳೆ ಹೊರಗೆ ಬರಲ್ಲ. ನಡಿ, ಹೋಗಿ ಆನ್ ಮಾಡಿ ಬರೋಣ" ಎಂದಳು. ಮಂಚದ ಅಂಚಿಗೆ ಜರುಗಿ, ಎಡಗೈಯಿಂದ ಬಲಗಾಲನ್ನು ಎತ್ತಿ, ಚಪ್ಪಲಿಯೊಳಗೆ ತೂರಿಸಿ, ಒಂದೇ ಕೈಯಲ್ಲಿ ಪಟ್ಟಿ ಬಿಗಿದುಕೊಂಡಳು. ತಿಂಗಳುಗಟ್ಟಲೆ ಆಗದಿದ್ದ ಕೆಲಸ ಅದು.

ಇನ್ನು ಬಾಯಿ ಬಿಡದಿದ್ದರೆ ಅವಳು ಬಾಗಿಲು ದಾಟುತ್ತಿದ್ದಳು.

"ಅಕ್ಕಾ, ನಿನ್ನ ಸಿಸ್ಟಮ್ ಅಲ್ಲಿಲ್ಲ. ಹೊಸ ಪ್ರಿಂಟರ್ ಬಂದಿದೆ. ಹೊಸ ಟೈಪಿಸ್ಟ್ ಬರ್ತಾರೆ ಇವತ್ತು. ಶನಿವಾರ ಎಲ್ಲದರಿಂದ ಅಕ್ಕನ್ನ ತೆಗೆದಿದ್ದು ನಾನೇ."

ಅವಳು ಚಪ್ಪಲಿಯನ್ನೇ ನೋಡುತ್ತಾ ಕೂತಳು. ಆಮೇಲೆ ಕೇಳಿದಳು. "ಹದಿನೆಂಟೂ?"

"ಹದಿನೇಳು."

"ಇವ್ರದ್ದು ಯಾಕೆ ಬಿಟ್ಟೆ?"

ಮಂಚದ ಮೇಲಿದ್ದ ರಬ್ಬರ್ ಚೆಂಡನ್ನು ಅವಳ ಕಡೆ ಸರಿಸಿದೆ.

ಚಿಕ್ಕಂದಿನಲ್ಲಿ ನಾನು ಅರ್ಧ ಬರೆದಿಟ್ಟ ಹೋಂವರ್ಕ್ ಪುಸ್ತಕವನ್ನು ಮತ್ತೆ ನನ್ನ ಕೈಗೆ ತುರುಕುವಾಗ ಅವಳ ದನಿ ಹೇಗಿರುತ್ತಿತ್ತೋ ಈಗಲೂ ಹಾಗೇ ಇತ್ತು, ತೊದಲೊಂದು ಸೇರಿತ್ತು ಅಷ್ಟೇ. "ಪಾಪ, ಅವ್ರು ಕಾಯ್ತಿದಾರೆ. ಹೋಗಿ ಅದನ್ನೂ ಮುಗಿಸಿ ಬಾ. ಅರ್ಧ ಕೆಲ್ಸ ಮಾಡಿ ಮನೆಗೆ ಬರಬೇಡ ಅಂತ ಎಷ್ಟು ಸಲ ಹೇಳಿದೀನಿ."

ಎದ್ದೆ. "ತಡಿ, ಇದನ್ನ ಬಿಚ್ಚಿ ಹೋಗು" ಎಂದು ಬಲಗಾಲನ್ನು ತೋರಿಸಿದಳು. ನೆಲದ ಮೇಲೆ ಕೂತು ಪಟ್ಟಿ ಸಡಿಲಿಸಿದೆ. ಅವಳ ಪಾದ ತಣ್ಣಗಿತ್ತು, ತುಂಬಾ ತಣ್ಣಗಿತ್ತು, ಅದು ನನ್ನ ಅಂಗೈಗೆ ತಿಳಿಯಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ.

"ಹೊತ್ತಾಗುತ್ತೆ, ಏಳೋ" ಎಂದಳು ಅಕ್ಕ. ಕಾಲನ್ನು ಮಾತ್ರ ಎಳೆದುಕೊಳ್ಳಲಿಲ್ಲ.