ಲ್ಯಾಪ್‌ಟಾಪಿಗೆ ಅರ ಹಾಕಿದವನು

ನನ್ನ ಮೈದುನ ಪ್ರಸಾದನ ಮುಖ ನೋಡಿದ್ರೆ ಈಗ್ಲೂ ವಾಕರಿಕೆ ಬರ್ತದೆ. ಕೆಲಸ ಕೆಡಿಸ್ದ ಅಂತಲ್ಲ. ಕೆಲಸ ಯಾರ ಕೈಲಾದ್ರೂ ಕೆಡ್ತದೆ. ಕೆಡಿಸಿದ್ಮೇಲೆ ಆಡಿದ ಆಟ ಅದೆಯಲ್ಲ, ಅದಕ್ಕೆ.

ನಮ್ದು ಶ್ರೀರಂಗಪಟ್ಟಣದ ಅಕ್ಕಸಾಲಿಗರ ಮನೆ. ನನ್ನ ಯಜಮಾನ್ರು ಕನಕರಾಜು ಇನ್ನೂ ಕುಲುಮೆ ಮುಂದೇನೇ ಕೂರ್ತಾರೆ. ನಾನು ಲ್ಯಾಪ್‌ಟಾಪಲ್ಲಿ ಒಡವೆ ಡಿಸೈನು ಬಿಡಿಸ್ತೀನಿ, ಅದನ್ನ ನೋಡ್ಕೊಂಡು ಮಿಷನ್ನು ಮೇಣದಲ್ಲಿ ಅಚ್ಚು ತೆಗೀತದೆ. ಪ್ರಸಾದ ಚಿನ್ನದ ಕೆಲಸ ಬುಟ್ಟು ಸ್ಟೇಷನ್ ರಸ್ತೇಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವ್ನೆ. ನಾಗಮಂಗಲದಲ್ಲಿ ಒಡವೆ ಅಂಗಡಿ ಇಟ್ಟಿರೋ ಚಿಕ್ಕಸ್ವಾಮಣ್ಣ ಮೊದಲ್ನೇ ಸಲ ನನ್ನ ಹೆಸರಿಗೇ ಒಂದು ಕೆಲಸ ಕೊಟ್ಟಿದ್ರು. ಒಂದು ಜೊತೆ ಜುಮುಕಿ, ಸೋಮವಾರಕ್ಕೆ ಡಿಸೈನು ಕಳಿಸ್ಬೇಕು. ಚೆನ್ನಾಗಿ ಬಂದ್ರೆ ಇನ್ಮೇಲೆ ಎಲ್ಲಾ ನಿಂಗೇ ಕಣವ್ವ ಅಂದಿದ್ರು.

ನನ್ನ ಲ್ಯಾಪ್‌ಟಾಪೋ, ದೋಸೆ ಕಾವಲಿ ಕಾದಂಗೆ ಕಾಯೋದು. ಕೆಲಸದ ಮಧ್ಯದಲ್ಲೇ ಆರೋಗ್ಬುಡೋದು. ಅದಕ್ಕೇನು ಅತ್ತಿಗೆ, ಲಿಕ್ವಿಡ್ ಮೆಟಲ್ ಹಾಕ್ಬುಡ್ತೀನಿ ಅಂದ ಪ್ರಸಾದ. ಪಾದರಸದಂಗೆ ಹೊಳೆಯೋ ನೀರು ಲೋಹ ಅದು. ಲ್ಯಾಪ್‌ಟಾಪ್ ಒಳಗೆ ಕಾಯೋ ಚಿಪ್ಪಿಗೂ ಅದರ ಮೇಲೆ ಕೂರೋ ತಗಡಿಗೂ ನಡುವೆ ತೆಳ್ಳಗೆ ಸವರಿದ್ರೆ ಬಿಸಿ ಎಳ್ಕೊಂಡೋಗ್ತದಂತೆ. ಅಲ್ಯೂಮಿನಿಯಂಗೆ ಮಾತ್ರ ಸೋಕಬಾರ್ದು, ಸೋಕಿದ್ರೆ ತಿಂದಾಕ್ತದೆ ಅಂತ ಪೊಟ್ಟಣದ ಮೇಲಿರೋದನ್ನ ನನಗೆ ಓದಿ ಹೇಳ್ದೋನೂ ಅವನೇ.

ಓದಿದ್ದು ಬಾಯಿಗೆ, ಕೈಗಲ್ಲ. ನಮ್ಮೋರು ಬೆಸುಗೆ ಹಾಕೋ ಮುಂಚೆ ಆ ಜಾಗಕ್ಕೆ ಅರ ಹಾಕಿ ಹೊಸ ಲೋಹ ಕಾಣೋಗಂಟ ಉಜ್ತಾರೆ. ಇಲ್ದಿದ್ರೆ ಬೆಸುಗೆ ಹಿಡಿಯಲ್ಲ. ಇವನು ಆ ತಗಡಿಗೂ ಅರ ಹಾಕ್ದ. ಮೇಲಿದ್ದ ಲೇಪ ಎದ್ದೋಯ್ತು, ಅಡೀಲಿದ್ದುದು ಅಲ್ಯೂಮಿನಿಯಂ. ಅದರ ಮೇಲೇ ಆ ನೀರು ಲೋಹ ಸವರ್ದ. ಫಳಫಳ ಅಂತದೆ ನೋಡು ಅತ್ತಿಗೆ ಅಂತ ಹಿಗ್ಗಿ ಹೀರೇಕಾಯಿ ಆಗಿದ್ದ ಗೂಬೆ. ಮೊದಮೊದ್ಲು ತಣ್ಣಗೇ ಇತ್ತು. ಬೀದಿಗೆಲ್ಲಾ ಸಾರ್ಕೊಂಡು ಬಂದ.

ಶನಿವಾರ ಅದು ಉಸಿರೇ ಎತ್ತಲಿಲ್ಲ. ಅಂಗಡಿಗೆ ಹೊತ್ಕೊಂಡೋದೆ. ಬಿಚ್ಚಿ ಸ್ಕ್ರೂಡ್ರೈವರ್ ತಾಕಿಸ್ದ ನೋಡಿ, ತಗಡು ಹಳೇ ಸುಣ್ಣದ ಗೋಡೆಯಂಗೆ ಪುಡಿಪುಡಿ ಉದುರ್ತು. ಒಂದು ಹನಿ ಹರ್ದೋಗಿ ಬೋರ್ಡೂ ಸುಟ್ಟಿತ್ತು. ಆ ಬೂದುಬಣ್ಣದ ಗಲೀಜು ನನ್ನ ಬೆರಳಿಗಂಟಿ, ಒರೆಸಿದಷ್ಟೂ ಮೆತ್ಕೋತಿತ್ತು. ತಪ್ಪಾಯ್ತು ಅಂತಾನೇನೋ ಅಂತ ಕಾದೆ. ಕಂಪನಿಯೋರು ಕಳಪೆ ತಗಡು ಹಾಕವ್ರೆ ಅಂದ. ಆಮೇಲೆ, ನೀನು ಹಾಸಿಗೆ ಮೇಲಿಟ್ಕೊಂಡಿರ್ತೀಯ ಅಂದ. ಥೂ, ಇವನ ಬಾಯಿಗಿಷ್ಟು.

ಅಷ್ಟರಲ್ಲಿ ಬೆಳಗೊಳದಿಂದ ಭೂಮಿಕ ಅಂತ ಒಂದು ಹುಡುಗಿ ಬಂದ್ಲು, ಇಂಜಿನಿಯರಿಂಗ್ ಓದೋಳು. ಅವಳ ಲ್ಯಾಪ್‌ಟಾಪಿಗೂ ಅದೇ ಲೋಹ ಹಾಕಿಸ್ಬೇಕಂತೆ, ಕೊನೇ ವರ್ಷದ ಪ್ರಾಜೆಕ್ಟೆಲ್ಲಾ ಅದರಲ್ಲೇ ಇದೆಯಂತೆ. ಪ್ರಸಾದ ನನ್ನದರ ಮೇಲೆ ಟವಲ್ ಎಳೆದು ಮುಚ್ದ. ನಮ್ಮತ್ತಿಗೇನೇ ಕೇಳವ್ವ, ಅವರದ್ದಕ್ಕೂ ನಾನೇ ಹಾಕಿರೋದು ಅಂತ ನಗಾಡ್ದ. ಆಮೇಲೆ ಏನೋ ಬಿದ್ದೋಯ್ತು ಅನ್ನಂಗೆ ಬಗ್ಗಿ, ನನಗೊಬ್ಬಳಿಗೇ ಕೇಳೋ ಹಂಗೆ ಪಿಸುಗುಟ್ಟಿದ:

"ಒಂದ್ಮಾತು ಚೆನ್ನಾಗದೆ ಅಂದ್ಬುಡು ಅತ್ತಿಗೆ. ಅಂಗಡಿ ಕಂಪ್ಯೂಟರ್ ಈಗ್ಲೇ ಮನೆಗ್ ತಗೊಂಡೋಗಿ ನಾಗಮಂಗಲದ ಕೆಲಸ ಮುಗಿಸ್ಕೋ."

ಸುಳ್ಳ್ಯಾಕೆ ಹೇಳ್ಲಿ, ಆ ಕಂಪ್ಯೂಟರ್ ಕಡೆ ನೋಡ್ದೆ. ಇಷ್ಟಗಲ ಪರದೆ. ಅರ್ಧ ಬಿಡಿಸಿದ್ದ ಜುಮುಕಿ ಪೆನ್‌ಡ್ರೈವಲ್ಲಿತ್ತು, ಭಾನುವಾರ ಕೂತಿದ್ರೆ ಮುಗ್ದೋಗೋದು. ಆ ಹುಡುಗಿ ಅವರಮ್ಮನ ಹಳೇ ಸೀರೆ ತುಂಡಲ್ಲಿ ಸುತ್ತಿದ್ದ ಲ್ಯಾಪ್‌ಟಾಪು ಬಿಚ್ತಾ, ನಿಮ್ಮದು ತಣ್ಣಗದಾ ಅಕ್ಕ ಅಂತ ಕೇಳಿದ್ಲು.

"ತಣ್ಣಗೇನೋ ಅದೆ ಕಣವ್ವ," ಅಂತ ಟವಲ್ ಎತ್ತಿದೆ. "ಹೆಣ ಬಿಸಿಯಾಗಿರ್ತದಾ?"

ಆ ಪುಡಿ ನೋಡಿ ಹುಡುಗಿ ಮತ್ತೆ ಸೀರೆ ಸುತ್ಕೊಂಡು ಹೊರಟೋದ್ಲು. ಮನೆ ಮರ್ಯಾದೆ ಬೀದಿಗೆ ತಂದ್ಯಲ್ಲ, ಇನ್ನು ಈ ಕಂಪ್ಯೂಟರ್ ಮುಟ್ಟಿ ನೋಡು ಅಂತ ಪ್ರಸಾದ ಅದರ ವೈರು ಕಿತ್ತಾಕ್ದ. ಸ್ವಂತ ಅತ್ತಿಗೆ ಅನ್ನ ಕಿತ್ಕೊಂಡೂ ಮರ್ಯಾದೆ ಮಾತಾಡೋ ಬಾಯಿ ನೋಡಿ.

ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಚಿಕ್ಕಸ್ವಾಮಣ್ಣಂಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳ್ದೆ. ಅವರು ಬೈಲಿಲ್ಲ. ಗಿರಾಕಿ ಮದುವೆ ಹತ್ರ ಬಂದ್ಬುಟ್ಟದೆ, ಈ ಸಲ ಮೈಸೂರಿನೋರಿಗೆ ಕೊಡ್ತೀನಿ ಬುಡವ್ವ ಅಂದ್ರು. ಮುಂದಿನ ಸಲ ನೋಡಾನ ಅಂದ್ರು. ಮುಂದಿನ ಸಲ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ?

ಫೋನ್ ಇಡೋ ಹೊತ್ಗೆ ಒಳಗಿಂದ ಪ್ರಸಾದನ ಗಂಟಲು ಕೇಳಿಸ್ತು. ಅವನೂ ಇನ್ಯಾರೋ ಗಿರಾಕಿ ಜೊತೆ ಫೋನಲ್ಲಿದ್ದ. ಧೈರ್ಯವಾಗಿ ತನ್ನಿ ಸಾರ್, ನಮ್ಮತ್ತಿಗೆ ಲ್ಯಾಪ್‌ಟಾಪಿಗೂ ನಾನೇ ಹಾಕಿರೋದು, ಬೇಕಾದ್ರೆ ಅವರನ್ನೇ ಕೇಳಿ ಅಂತಿದ್ದ.

ಒಳಕ್ಕೋಗಿ ಫೋನು ಕಿತ್ಕೊಂಡೆ.

"ಸಾರ್," ಅಂದೆ, "ಆ ಅತ್ತಿಗೆ ನಾನೇ. ಕೇಳಿ."