ಶೆಡ್ಡಿನ ಬೀಗಕ್ಕೆ ತೀರ್ಪು

"ಸೂಳೆಮುಂಡೇರಾ, ಬೆಳಗಾಗೋಗಂಟ ಹೊಟ್ಟೆ ಹಿಡ್ಕಂಡಿರಕ್ಕೆ ಏನ್ರೇ ರೋಗ ನಿಮ್ಗೆ? ನನ್ ಶೆಡ್ಡೇನು ಕಕ್ಕಸ್ಸಾ?"

ಷಡಕ್ಷರಪ್ಪನವರು ಹೀಗೆ ಸುಪ್ರಭಾತ ಹಾಡುವಾಗ ನಮ್ಮತ್ತಿಗೆ ಗಿರಿಯಮ್ಮ ಶೆಡ್ಡಿನ ಮೂಲೆ ತೊಳೆಯುತ್ತಿದ್ದಳು. ಅವಳ ಸೊಸೆ ಮುದ್ದಮ್ಮನಿಗೆ ಭೇದಿ. ರಾತ್ರಿ ಒಳಗಿನಿಂದ ಎಷ್ಟು ಬಡಿದರೂ ಯಾರೂ ಬಾಗಿಲು ತೆಗೆದಿರಲಿಲ್ಲ. ಜಾವಗಲ್ ಹತ್ತಿರದ ಷಡಕ್ಷರಪ್ಪನವರ ತೆಂಗಿನ ನಾರಿನ ಮಿಲ್ಲಿನಲ್ಲಿ, ಕತ್ತಲಾಯಿತೆಂದರೆ ನಾವು ಮಲಗುವ ಶೆಡ್ಡಿಗೆ ಹೊರಗಿನಿಂದ ಬೀಗ. ಪಾವಗಡದಿಂದ ತಂದ ಆಳುಗಳು ಓಡಿಹೋಗಬಾರದಲ್ಲ! ಅಂಗಳದ ತೆಂಗಿನ ಸಿಪ್ಪೆಗೆ ಬೀಗವಿಲ್ಲ. ಅದಕ್ಕೆ ಕಾಲಿಲ್ಲ.

ಬೈದು ಮುಗಿಸಿ ಯಜಮಾನರು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು ಬಂದರು. ಅವತ್ತು ಲಾ ಕಾಲೇಜಿನ ಮಕ್ಕಳು ಬರುವ ದಿನ. ವಲಸೆ ಬಂದವರಿಗೆ ನೆರವು ಕೊಡುತ್ತ ಅವರು ಕಾನೂನು ಕಲಿಯುತ್ತಾರಂತೆ, ಅದಕ್ಕೆ ಮಾರ್ಕೂ ಇದೆಯಂತೆ. ನಮ್ಮ ಹಕ್ಕಿನ ಶಿಬಿರಕ್ಕೆ ಷಡಕ್ಷರಪ್ಪನವರೇ ಅಧ್ಯಕ್ಷರು. ಶಾಮಿಯಾನ ಅವರದು, ಮೈಕು ಅವರದು, ಕೇಸರಿಬಾತು ಅವರದು. ಹಕ್ಕು ಮಾತ್ರ ನಮ್ಮದು.

ನಂದಿತಾ ಅನ್ನುವ ಹುಡುಗಿ ನನ್ನೆದುರು ಕೂತಳು.

"ನೀವು ಆಂಧ್ರದವರಾ?"

"ಇಲ್ಲ ಕಣವ್ವ, ಪಾವಗಡದ ಕಡೆ. ಕರ್ನಾಟಕನೇಯ."

"ಅಯ್ಯೋ, ವಲಸೆ ಕಾಯ್ದೆ ಬೇರೆ ರಾಜ್ಯದಿಂದ ಬಂದವರಿಗೆ ಮಾತ್ರ ಕಣ್ರೀ."

ನಮ್ಮೂರ ಹೊಲದ ಬದು ದಾಟಿದರೆ ಆಂಧ್ರ. ನಮ್ಮವ್ವ ಹೆರಿಗೆ ನೋವು ಬಂದಾಗ ಒಂಚೂರು ಆಚೆ ನಡೆದಿದ್ದರೆ ಇವತ್ತು ನನಗೂ ಒಂದು ಕಾಯ್ದೆ ಇರುತ್ತಿತ್ತು.

ಊಟವಾದ ಮೇಲೆ ಅಣಕು ಕೋರ್ಟು. ನಂದಿತಾ ಕರಿಕೋಟು ಹಾಕಿಕೊಂಡು ಜಡ್ಜಾದಳು. "ನಿಮ್ಮದೇ ಒಂದು ಕಷ್ಟ ಹೇಳಿ, ಅದನ್ನೇ ಕೇಸು ಮಾಡ್ತೀವಿ" ಅಂದಳು. ಗಿರಿಯಮ್ಮ ಎದ್ದು ನಿಂತಳು.

"ರಾತ್ರಿ ಬೀಗ ಜಡೀತಾರೆ ಕಣವ್ವ. ನನ್ ಸೊಸೆ ಉಟ್ಟ ಸೀರೇಲೇ ಮಾಡ್ಕಂಡ್ಲು. ಬೀಗ ತೆಗ್ಸು, ಇನ್ನೇನೂ ಬ್ಯಾಡ."

ಷಡಕ್ಷರಪ್ಪನವರ ಬಾಯಿಗೆ ಹೊರಟಿದ್ದ ಎಲೆಯಡಿಕೆ ಅರ್ಧದಲ್ಲೇ ನಿಂತಿತು. ಆಮೇಲೆ ನಕ್ಕರು. "ಏನ್ ಆಕ್ಟಿಂಗ್ ಮಾಡ್ತಾಳ್ರೀ ಇವ್ಳು!"

ಯಜಮಾನರ ಪರ ನಿಂತ ಹುಡುಗ, "ಮೈ ಲಾರ್ಡ್, ಬೀಗ ಹಾಕೋದು ಇವರ ರಕ್ಷಣೆಗೇ" ಅಂದ.

"ನಿಮ್ಮವ್ವನ್ನೂ ಹಿಂಗೇ ರಕ್ಷಣೆ ಮಾಡ್ತೀಯೇನಪ್ಪ?" ಅಂದಳು ಗಿರಿಯಮ್ಮ.

ಮಕ್ಕಳು ಗೊಳ್ಳೆಂದು ನಕ್ಕರು. ನಂದಿತಾ ಮೇಜು ಕುಟ್ಟಿ ತೀರ್ಪು ಹೇಳಿದಳು: ಮನುಷ್ಯರನ್ನು ಕೂಡಿಹಾಕುವುದು ಅಪರಾಧ, ಇಂದಿನಿಂದಲೇ ಶೆಡ್ಡಿಗೆ ಬೀಗ ಹಾಕತಕ್ಕದ್ದಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಷಡಕ್ಷರಪ್ಪನವರು. ಹಾರ, ಫೋಟೋ ಎಲ್ಲ ಆಯಿತು. ಬಸ್ಸು ಹತ್ತುವಾಗ ನಂದಿತಾ ಗಿರಿಯಮ್ಮನ ಕೈ ಹಿಡಿದು, "ಥ್ಯಾಂಕ್ಸ್ ಕಣಮ್ಮ, ಒಳ್ಳೇ ಪ್ರಾಕ್ಟೀಸ್ ಆಯ್ತು" ಅಂದಳು.

ಬಸ್ಸಿನ ಧೂಳು ಅಡಗುವ ಮೊದಲೇ ವಾಚ್‌ಮನ್ ಹುಚ್ಚಣ್ಣ ಬೀಗ ಹಿಡಿದು ಬಂದ. ಗಿರಿಯಮ್ಮ ಹೊಸ್ತಿಲ ಮೇಲೆ ಕೂತಳು.

"ಬೀಗ ಯಾಕ್ಲಾ? ಕೋರ್ಟು ಬ್ಯಾಡ ಅಂದೈತೆ."

"ಅದು ಆಟ ಕಣಮ್ಮೋ! ಹುಡುಗ್ರು ಕಲಿಯಾಕೆ ಮಾಡಿದ್ದು."

"ಕರಿಕೋಟು ಹಾಕಿದ್ಲೋ ಇಲ್ವೋ? ಮೇಜು ಕುಟ್ಟಿದ್ಲೋ ಇಲ್ವೋ? ನಿನ್ ಯಜಮಾನ ಚಪ್ಪಾಳೆ ಹೊಡ್ದು ಒಪ್ಕಂಡನೋ ಇಲ್ವೋ?"

ಅವಳು ನಿಜಕ್ಕೂ ನಂಬಿದ್ದಳೋ, ಇಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ಹುಚ್ಚಣ್ಣನ ಕೈಯಿಂದ ಬೀಗ ಕಿತ್ತುಕೊಂಡು ಸಿಪ್ಪೆ ಕೊಳೆಹಾಕುವ ಗುಂಡಿಗೆ ಎಸೆದಳು. ಕರಿನೀರು ಗುಳುಕ್ ಅಂದಿತು.

ಷಡಕ್ಷರಪ್ಪನವರು ಓಡಿಬಂದರು. "ಇಳಿದು ತೆಗೀರಲಾ ಬೋಳಿಮಕ್ಳಾ!"

ಯಾರೂ ಅಲುಗಲಿಲ್ಲ.

"ಅಪೀಲು ಹಾಕ್ಕಳಿ ಸ್ವಾಮಿ," ಅಂದೆ ನಾನು. "ಅಲ್ಲೀಗಂಟ ಬಾಗ್ಲು ತೆಗೆದೇ ಇರ್ತೈತೆ."

ಪೊಲೀಸರನ್ನು ಕರೆಸುತ್ತೇನೆ, ಚರ್ಮ ಸುಲಿಸುತ್ತೇನೆ ಎಂದು ಅವರು ಕೂಗುತ್ತಲೇ ಇದ್ದರು. ಮುದ್ದಮ್ಮ ಚೊಂಬಿಗೆ ನೀರು ತುಂಬಿಕೊಂಡು, ಗೋಡೆ ಹಿಡಿದು ಎದ್ದು, ಅವರ ಮುಂದೆಯೇ ನಿಧಾನವಾಗಿ ಬಯಲ ಕಡೆಗೆ ನಡೆದಳು.